ಕರಿದಾರದ ಲಕೋಟೆ

ಶ್ರೀಃ

ಮಳೂರಿನ ಅಪ್ರಮೇಯಸ್ವಾಮಿಯ ಅಡಿದಾವರೆಗಳಿಗೆ ತಲೆಬಾಗಿ, ಗುರುಪರಂಪರೆಯನ್ನು ಸ್ಮರಿಸಿ, ಯಾರಿಗೂ ತೋರಿಸುವ ಉದ್ದೇಶವಿಲ್ಲದ ಈ ಬರಹವನ್ನು ತೊಡಗುತ್ತಿದ್ದೇನೆ. ಸ್ವಸ್ತಿ. ವಿಶ್ವಾವಸು ನಾಮ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಶ್ರಾವಣ ಶುದ್ಧ ಪಾಡ್ಯಮಿ, ಶುಕ್ರವಾರ.

25 ಜುಲೈ 2025, ಚನ್ನಪಟ್ಟಣ

ಇಂದು ತಾಹೇರಾ ಬಂದಿದ್ದಳು. ಮೂವತ್ತೈದು ವರ್ಷಗಳ ಹಿಂದೆ ಪ್ರೌಢಶಾಲೆಯಲ್ಲಿ ನನ್ನಿಂದ ಕನ್ನಡ ಕಲಿತವಳು. ಈಗ ಹನ್ನೆರಡು ಮಂದಿ ಹೆಂಗಸರಿಗೆ ಕೆಲಸ ಕೊಟ್ಟಿರುವ ಗೊಂಬೆ ಕಾರ್ಖಾನೆಯ ಒಡತಿ. ಜಪಾನ್ ದೇಶದಲ್ಲಿ ನಮ್ಮಂತೆಯೇ ಮರವನ್ನು ಕಡೆದು ಗೊಂಬೆ ಮಾಡುವ ಒಂದು ಬೆಟ್ಟದೂರಿನವರು ಇಲ್ಲಿಯ ಕಸುಬುದಾರರನ್ನು ಎರಡನೆಯ ಬಾರಿಗೆ ಪ್ರದರ್ಶನಕ್ಕೆ ಕರೆದಿದ್ದಾರೆ. 2019ರ ಚೈತ್ರದಲ್ಲಿ ಮೊದಲ ತಂಡ ಹೋದಾಗ, ಗೊಂಬೆಗಾರಿಕೆಯ ಚರಿತ್ರೆಯನ್ನು ಬರೆದವನೆಂಬ ಕಾರಣದಿಂದ ನನ್ನನ್ನೂ ಕರೆದೊಯ್ದಿದ್ದರು. ಮನೆಯವಳೂ ಜೊತೆಗೆ ಬಂದಿದ್ದಳು. ಈ ಬಾರಿ ಹೋಗುವವರು ತಾಹೇರಾ, ಮರ ಕಡೆಯುವ ಲೇತಿನ ಮುಂದೆ ನಲವತ್ತು ವರ್ಷ ಕುಳಿತ ಲಿಂಗಯ್ಯ, ಮತ್ತಿಬ್ಬರು.

ಆಕೆಯ ಬಿನ್ನಹವಿದು: ಪರದೇಶದಲ್ಲಿ ಯಾರಿಗೆ ಭಕ್ಷೀಸು ಕೊಡಬೇಕು, ಯಾರಿಗೆ ಕೊಡಕೂಡದು, ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿದೆಯೆಂದರೆ ಅರ್ಥವೇನು, ಯಾವ ದಿನ ಏನೇನು ಮುಚ್ಚಿರುತ್ತದೆ, ಇವನ್ನೆಲ್ಲ ತಿಳಿಗನ್ನಡದಲ್ಲಿ ಒಂದು ಕೈಪಿಡಿಯಾಗಿ ಬರೆದುಕೊಡಬೇಕು. ಹೋದ ಸಲದ ತಂಡದವನೊಬ್ಬ ಟ್ಯಾಕ್ಸಿಯವನಿಗೆ ಟಿಪ್ಸ್ ಕೊಟ್ಟು ಇಳಿದಾಗ, ಆ ಸಾರಥಿ ಎರಡು ಬೀದಿ ಓಡಿಬಂದು ಚಿಲ್ಲರೆಯನ್ನು ಕೈಗೆ ತುರುಕಿ ಹೋದದ್ದು ಇಲ್ಲಿ ಇನ್ನೂ ನಗೆಯ ಮಾತಾಗಿದೆ. ಒಪ್ಪಿಕೊಂಡೆ. ಭಕ್ಷೀಸು, ಸೇವಾಶುಲ್ಕ, ರಜೆ ಎಂದು ಮೂರು ಪ್ರಕರಣಗಳಾಗಿ ವಿಂಗಡಿಸುವುದೆಂದು ಅಲ್ಲಿಯೇ ನಿಶ್ಚಯಿಸಿದೆ.

ದಿನ ನೋಡದೆ ವಿಮಾನ ಹತ್ತುವುದಿಲ್ಲವೆಂದು ಲಿಂಗಯ್ಯ ಹೇಳಿಕಳುಹಿಸಿದ್ದನು. ಪ್ರದರ್ಶನ ಆಗಸ್ಟ್ ಇಪ್ಪತ್ತರಂದು. ಪಂಚಾಂಗ ತೆರೆದು, ಹನ್ನೊಂದರ ಸೋಮವಾರ, ಬಹುಳ ಬಿದಿಗೆ ಪ್ರಶಸ್ತವೆಂದು ಬರೆದುಕೊಟ್ಟೆ. ಒಂದು ವಾರ ಮೊದಲೇ ಹೋಗಿ ಅಲ್ಲಿಯ ಲೇತಿಗೆ ಕೈ ಹೊಂದಿಸಿಕೊಳ್ಳಲಿ.

ತಾಹೇರಾ ನಕ್ಕಳು. "ನಮ್ಗೆ ಜುಮ್ಮಾ ಕಳೆದ್ರೆ ಯಾವ ದಿನಾದ್ರೂ ಸೈ ಸಾರ್. ಈ ಲಿಂಗಯ್ಯಣ್ಣನ್ಗೇ ದಿನ ಬೇಕು, ಗಳಿಗೆ ಬೇಕು, ಕಿಟಕಿ ಪಕ್ಕದ ಸೀಟೂ ಬೇಕು."

28 ಜುಲೈ, ಸೋಮವಾರ, ಶ್ರಾವಣ ಶುದ್ಧ ಚೌತಿ

ಭಕ್ಷೀಸಿನ ಪ್ರಕರಣ ಮುಗಿಯಿತು. ಬರಹ ತೃಪ್ತಿಯನ್ನು ತಂದಿದೆ. ದಾನವು ಮೇಲಿನಿಂದ ಕೆಳಗೆ ಇಳಿಯುವುದು, ಕಾಣಿಕೆಯು ಕೆಳಗಿನಿಂದ ಮೇಲಕ್ಕೆ ಏರುವುದು, ಭಕ್ಷೀಸು ಎರಡೂ ಅಲ್ಲದೆ ಅಡ್ಡಲಾಗಿ ಹರಿಯುವುದು ಎಂದು ಆರಂಭಿಸಿದ್ದೇನೆ. ಕೆಲವು ದೇಶಗಳಲ್ಲಿ ನೂರಕ್ಕೆ ಹದಿನೈದೋ ಇಪ್ಪತ್ತೋ ಕೊಡದಿದ್ದರೆ ಬಡಿಸಿದವನು ಮುಖ ಗಂಟಿಕ್ಕುತ್ತಾನೆ. ಜಪಾನಿನಲ್ಲಿ ಕೊಟ್ಟರೆ ಕುಗ್ಗಿಹೋಗುತ್ತಾನೆ. ಆದರೂ ಕೊಡಲೇಬೇಕೆಂದು ಮನಸ್ಸು ಒತ್ತಾಯಿಸಿದರೆ, ಬರಿಗೈಯಿಂದಲ್ಲದೆ ಲಕೋಟೆಯಲ್ಲಿಟ್ಟು, ಎರಡೂ ಕೈಗಳಿಂದ, ತಲೆಬಾಗಿ ಕೊಡತಕ್ಕದ್ದು.

ನಿದರ್ಶನವಾಗಿ ನನ್ನ ಅನುಭವವನ್ನೇ ಸೇರಿಸಿದ್ದೇನೆ. ನಾವು ಐದು ದಿನ ತಂಗಿದ್ದ ಛತ್ರದಂಥ ಹಳೆಯ ವಸತಿಗೃಹದಲ್ಲಿ ನಮ್ಮ ಕೋಣೆಯ ಉಪಚಾರಕ್ಕೆ ಮಿತ್ಸುಯೊ ಎಂಬ ಹೆಂಗಸು ನೇಮಕವಾಗಿದ್ದಳು. ವಯಸ್ಸು ಐವತ್ತರ ಆಸುಪಾಸು. ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಚಹಾ ತರುವಳು. ಹೊಸ್ತಿಲಾಚೆ ಮಂಡಿಯೂರಿ ಕುಳಿತು, ಕಾಗದದ ಬಾಗಿಲನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸುವಳು. ನಾನು ಟಿಪ್ಪಣಿ ಬರೆಯುತ್ತಿದ್ದ ಹೊತ್ತಿನಲ್ಲಿ ಅವಳೂ ಮನೆಯವಳೂ, ಇಬ್ಬರಿಗೂ ಸಮಾನವಾದ ಒಂದೇ ಒಂದು ಶಬ್ದವಿಲ್ಲದೆ, ಬೆರಳು ಮಡಿಸಿ ಎಣಿಸುತ್ತ ಏನನ್ನೋ ಮಾತಾಡಿಕೊಳ್ಳುತ್ತಿದ್ದರು.

ಹೊರಡುವ ದಿನ ಅವಳಿಗೆ ಏನಾದರೂ ಕೊಡಬೇಕೆಂದು ಮನೆಯವಳು ಹಟ ಹಿಡಿದಳು. ಬಿಲ್ಲಿನಲ್ಲಿ ನೂರಕ್ಕೆ ಹತ್ತರಂತೆ ಸೇವಾಶುಲ್ಕ ಸೇರಿದೆಯೆಂದು ವಿವರಿಸಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಳೇ ಮೂಲೆಯ ಅಂಗಡಿಗೆ ಹೋಗಿ, ಕಪ್ಪು ಮತ್ತು ಬೆಳ್ಳಿಬಣ್ಣದ ದಾರ ಕಟ್ಟಿದ ಅಚ್ಚ ಬಿಳಿಯ ಲಕೋಟೆಯನ್ನು ತಂದಳು. ಅದರ ಗಾಂಭೀರ್ಯ ನನಗೂ ಹಿಡಿಸಿತು. ನಾನು ಕೊಟ್ಟ ಮೂರು ಹೊಸ ನೋಟುಗಳನ್ನು ಹಿಂದಿರುಗಿಸಿ, ಮಡಿಕೆ ಬಿದ್ದ ಹಳೆಯವನ್ನು ಆರಿಸಿದಳು. ನಮ್ಮ ರೂಢಿಯಂತೆ ಮೇಲೆ ಒಂದು ನಾಣ್ಯವನ್ನಿಟ್ಟರೆ ಅದನ್ನೂ ಹೊರತೆಗೆದಳು. ಒಂದು ನಾಣ್ಯಕ್ಕೆ ಇಷ್ಟು ಲೋಭವೇ ಎಂದುಕೊಂಡು, ಆಕೆ ಚಪ್ಪಲಿ ಮೆಟ್ಟುತ್ತಿದ್ದಾಗ ಮರಳಿ ಒಳಗಿಟ್ಟೆ. ದೀರ್ಘಾಯುಷ್ಮತಿಯಾಗೆಂದು ಹರಸಿ ನಾನೇ ಕೊಟ್ಟೆ. ಆ ಹೆಂಗಸು ಹಣೆಯನ್ನು ಚಾಪೆಗೆ ಒತ್ತಿ, ಎಷ್ಟು ಹೊತ್ತಾದರೂ ಏಳದೆ ಅತ್ತಳು. ವಿಧಿವತ್ತಾಗಿ ಕೊಟ್ಟದ್ದು ಹೇಗೆ ಸ್ವೀಕೃತವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡವೆಂದು ಪ್ರಕರಣವನ್ನು ಮುಗಿಸಿದ್ದೇನೆ.

31 ಜುಲೈ, ಗುರುವಾರ

ಆತಿಥೇಯರು ಕಳುಹಿಸಿದ ಸೂಚನೆಗಳನ್ನು ತಾಹೇರಾ ನನ್ನ ಫೋನಿಗೆ ದಾಟಿಸಿದಳು. ಅದರಲ್ಲೊಂದು ಪುಟ ಲಕೋಟೆಗಳದು, ಚಿತ್ರಸಹಿತ. ಕೆಂಪು ಬಿಳಿ ದಾರದ್ದು ಮದುವೆಗೆ, ಹುಟ್ಟಿಗೆ, ಸಂತೋಷಕ್ಕೆ. ಕಪ್ಪು ಬೆಳ್ಳಿ ದಾರದ್ದು ಸಾವಿನ ಮನೆಗೆ ಮಾತ್ರ. ಬೇರೆ ಯಾವ ಸಂದರ್ಭದಲ್ಲಿಯೂ ಕೊಡಲಾಗದು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದೇ ಲಕೋಟೆ. ಅದೇ ಗಂಟು.

2 ಆಗಸ್ಟ್

ನಮ್ಮ ಮನೆಯಲ್ಲಿ ಪಕ್ಕಕ್ಕೆ ಸರಿಯುವ ಬಾಗಿಲು ಒಂದೂ ಇಲ್ಲ. ಎಲ್ಲವೂ ಕೀಲಿನ ಮೇಲೆ ತಿರುಗುವ ಹಲಸಿನ ಕದಗಳು. ಆದರೂ ಇಂದು ಮೂರು ಗಂಟೆಗೆ, ಹಾಡುಹಗಲಿನಲ್ಲಿ, ನಡುಮನೆಯ ಕಡೆಯಿಂದ ಕಾಗದದ ಬಾಗಿಲು ಸರಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಹೊಸ್ತಿಲಾಚೆ ನೆಲದ ಮೇಲೆ ಬಿಸಿಲಿನ ಚೌಕ. ಅಷ್ಟು ತಗ್ಗಿನಲ್ಲಿ, ಮಂಡಿಯೂರಿದವರ ತಲೆಯ ಎತ್ತರದಲ್ಲಿ, ನನ್ನ ದೃಷ್ಟಿ ತಾನಾಗಿ ನಿಂತಿತು. ಸೊಸೆ ಹಿತ್ತಲಿನಲ್ಲಿದ್ದಳು. ಮಗ ಚೈತನ್ಯ ರಾಮನಗರದ ತನ್ನ ಔಷಧದ ಅಂಗಡಿಯಲ್ಲಿದ್ದನು.

ಉಸಿರಾಡುತ್ತಿದ್ದ ಒಬ್ಬ ಹೆಣ್ಣುಮಗಳ ಕೈಗೆ ಮೃತರ ಹಣವನ್ನಿಟ್ಟು ದೀರ್ಘಾಯುಸ್ಸನ್ನು ಹರಸಿ ಬಂದೆ. ಐದು ದಿನ ನಮ್ಮ ಎಂಜಲ ಬಟ್ಟಲು ತೊಳೆದವಳಿಗೆ ಅವಳ ಸಾವಿನ ಕಾಣಿಕೆ. ಅವಳು ಅತ್ತದ್ದು ಭಯದಿಂದ.

ಅಲ್ಲಿಂದ ಬಂದು ಆರು ತಿಂಗಳು ತುಂಬುವ ಮೊದಲೇ, ಆಶ್ವಯುಜದಲ್ಲಿ, ಮನೆಯವಳು ಕುಳಿತಲ್ಲಿಯೇ ಹೋದಳು. ಆ ಲಕೋಟೆಯನ್ನು ಅಂಗಡಿಯಿಂದ ಹೊತ್ತು ತಂದ ಕೈ ಅವಳದು. ಕೊಟ್ಟ ಕೈ ನನ್ನದು. ಲಕೋಟೆ ಹೊರಟದ್ದು ಯಾರ ಹೆಸರಿಗೆ? ತಲುಪಿದ್ದು ಯಾರಿಗೆ? ಇಂಥ ಯೋಚನೆ ಶಾಸ್ತ್ರ ಓದಿದವನಿಗೆ ತಕ್ಕದ್ದಲ್ಲ. ಆದರೂ ಬಿಡಲೊಲ್ಲದು.

5 ಆಗಸ್ಟ್, ಮಂಗಳವಾರ, ಏಕಾದಶಿ

ಉಪವಾಸ. ತಾಹೇರಾಳನ್ನೂ ಲಿಂಗಯ್ಯನನ್ನೂ ಕರೆಯಿಸಿ, ನಡೆದದ್ದನ್ನು ಮುಚ್ಚದೆ ಹೇಳಿದೆ. ಆ ವಸತಿಗೃಹವನ್ನು ಹುಡುಕಿ, ಮಿತ್ಸುಯೊ ಎಂಬಾಕೆಗೆ ನನ್ನ ಕ್ಷಮಾಪಣೆಯ ಪತ್ರವನ್ನು ತಲುಪಿಸಬೇಕೆಂದು ಕೇಳಿದೆ. ತಾಹೇರಾ ಪತ್ರವನ್ನು ಕೈಗೆತ್ತಿಕೊಳ್ಳಲೇ ಇಲ್ಲ.

"ಆರು ವರ್ಷ ಆಗೋಗೈತೆ ಸಾರ್. ಆಯಮ್ಮ ಮರ್ತಿದ್ರೆ, ನಾವೇ ಹೋಗಿ ನೆನಪು ಮಾಡ್ದಂಗೆ ಆಯ್ತದೆ. ಬ್ಯಾಡ."

ಲಿಂಗಯ್ಯ ಜಗಲಿಯ ಕಂಬಕ್ಕೆ ಒರಗಿಕೊಂಡು, ಇದೇನು ಮಹಾ ಎಂಬ ಧಾಟಿಯಲ್ಲಿ ಸಮಾಧಾನ ಹೇಳಿದನು. "ನೀವೇನು ಬೇಕೂಂತ ಕೊಟ್ರಾ ಮೇಷ್ಟ್ರೇ? ನಮ್ ತಿಥಿ ಮನೇಗೆ ಯಾರಾರ ಪರದೇಶದೋನು ಬಾಸಿಂಗ ಹಿಡ್ಕೊಂಡು ಬಂದ್ರೆ ಏನ್ ಮಾಡ್ತೀವಿ? ಒಸಿ ನಗಾಡ್ತೀವಿ, ಊಟಕ್ಕೆ ಕುಂಡ್ರುಸ್ತೀವಿ."

ಅವಳು ನಗಲಿಲ್ಲ, ಲಿಂಗಯ್ಯ, ಎಂದೆ. ಕೊನೆಗೆ ನನ್ನ ಬೇಡಿಕೆಯನ್ನು ಕಿರಿದು ಮಾಡಿದೆ. ಪತ್ರ ಕೊಡುವುದು ಬಿಡುವುದು ತಾಹೇರಾಳ ವಿವೇಕಕ್ಕೆ ಸೇರಿದ್ದು. ಆಕೆ ಬದುಕಿದ್ದಾಳೆಯೇ ಎಂಬುದೊಂದನ್ನು ತಿಳಿದು ಬಂದರೆ ಸಾಕು. ತಾಹೇರಾ ಪತ್ರವನ್ನು ಸೆರಗಿನೊಳಗೆ ಇಟ್ಟುಕೊಂಡು ಎದ್ದಳು.

11 ಆಗಸ್ಟ್, ಸೋಮವಾರ, ಬಹುಳ ಬಿದಿಗೆ

ಹೊರಟರು. ಗಳಿಗೆ ಚೆನ್ನಾಗಿತ್ತು. ಕೈಪಿಡಿಯ ಮೊದಲ ಪ್ರಕರಣದಿಂದ ನನ್ನ ನಿದರ್ಶನವನ್ನು ಹರಿದು ತೆಗೆದಿದ್ದೆ. ಆದರೆ ಅಚ್ಚಿನವನು ಹಳೆಯ ಪ್ರತಿಯನ್ನೇ ಕಟ್ಟಿ ಕೊಟ್ಟಿದ್ದಾನೆ. ನಾಲ್ವರ ಚೀಲದಲ್ಲಿಯೂ ಅದೇ ಹೋಗಿದೆ.

13 ಆಗಸ್ಟ್, ಬುಧವಾರ

ಲಿಂಗಯ್ಯನ ಕರೆ.

"ಮೇಷ್ಟ್ರೇ, ಭಲೇ ದಿನ ನೋಡ್ಕೊಟ್ರಿ. ಊರಿಗೂರೇ ಬಾಗ್ಲು ಜಡ್ಕೊಂಡೈತೆ. ನಾವು ನಾಕು ಜನ, ಒಂದು ನಾಯಿ. ಅಷ್ಟೇಯ ಬೀದೀಲಿ."

ವಿಷಯವಿಷ್ಟು: ಆಗಸ್ಟ್ ಹದಿಮೂರರಿಂದ ಹದಿನಾರರವರೆಗೆ ಆ ದೇಶದಲ್ಲಿ ಮೃತರ ಹಬ್ಬ. ಸತ್ತವರು ಆ ನಾಲ್ಕು ದಿನ ತಮ್ಮ ತಮ್ಮ ಮನೆಗೆ ಬರುತ್ತಾರೆಂದು ನಂಬಿಕೆ. ಅವರನ್ನು ಎದುರುಗೊಳ್ಳಲು ಬದುಕಿರುವವರೂ ಹುಟ್ಟೂರಿಗೆ ಹೋಗುತ್ತಾರೆ. ಗೊಂಬೆಯ ಕಾರ್ಯಾಗಾರಕ್ಕೆ ಬೀಗ. ದುಭಾಷಿ ರಜೆಯ ಮೇಲೆ ಹೋಗಿದ್ದಾನೆ. ಊಟದಂಗಡಿಗಳು ಮುಚ್ಚಿವೆ, ರೈಲು ನಿಲ್ದಾಣದ ಯಂತ್ರದಲ್ಲಿ ಬಿಸ್ಕತ್ತು ಸಿಕ್ಕಿತಂತೆ, ತಾಹೇರಾ ಕಟ್ಟಿಕೊಂಡು ಹೋದ ಚಟ್ನಿಪುಡಿ ಅನ್ನದ ಜೊತೆ ಎರಡು ದಿನಕ್ಕೆ ಬರುತ್ತದಂತೆ. ಆತಿಥೇಯರ ಸೂಚನೆಗಳ ಕೊನೆಯ ಪುಟದಲ್ಲಿ ಇದೆಲ್ಲ ಮುದ್ರಿತವಾಗಿತ್ತು. ಲಕೋಟೆಯ ಪುಟ ನೋಡಿದ ಮೇಲೆ ನಾನು ಮುಂದಿನ ಪುಟಗಳನ್ನು ತಿರುವಿಯೇ ಇರಲಿಲ್ಲ. ರಜಾ ಪ್ರಕರಣದಲ್ಲಿ ವರ್ಷಾರಂಭದ ರಜೆಯನ್ನೂ ವಸಂತದ ರಜೆಯನ್ನೂ ವಿಸ್ತರಿಸಿದವನು ಇದನ್ನು ಬಿಟ್ಟಿದ್ದೆ.

ನಮ್ಮ ಪಂಚಾಂಗವನ್ನು ಮಾತ್ರ ತೆರೆದು, ಅಲ್ಲಿಯ ಮೃತರು ಯಾವಾಗ ಮನೆಗೆ ಬರುತ್ತಾರೆಂದು ಯಾರನ್ನೂ ಕೇಳದೆ, ನಾಲ್ವರು ಜೀವಂತರನ್ನು ಅವರ ನಡುವೆ ಕಳುಹಿಸಿದ್ದೇನೆ.

14 ಆಗಸ್ಟ್

ತಾಹೇರಾ ವಸತಿಗೃಹವನ್ನು ಕಂಡುಹಿಡಿದಳಂತೆ. ಅದಕ್ಕೂ ಬೀಗ. ಪಕ್ಕದ ಮನೆಯ ಮುದುಕನನ್ನು ಫೋನಿನ ಅನುವಾದದ ಸಹಾಯದಿಂದ ವಿಚಾರಿಸಿದಳು. ಇವಳು ಕನ್ನಡದಲ್ಲಿ ಹೇಳಿದ್ದನ್ನು ಯಂತ್ರ ಅವರ ನುಡಿಯಲ್ಲಿ ಹೇಳುತ್ತದೆ, ಅವರದನ್ನು ಕನ್ನಡಕ್ಕೆ ತರುತ್ತದೆ. ಅವನು ಹೇಳಿದ್ದು: ಮಿತ್ಸುಯೊ ಇಲ್ಲ. 2019ರ ವಸಂತದಲ್ಲಿಯೇ ಕೆಲಸ ಬಿಟ್ಟಳು. ಈಗ ಸ್ಮಶಾನದಲ್ಲಿ.

ತಾಹೇರಾ ಯಂತ್ರ ನುಡಿದದ್ದನ್ನು ಹಾಗೆಯೇ ಒಪ್ಪಿಸಿ, ನಾಳೆ ಮತ್ತೆ ವಿಚಾರಿಸುತ್ತೇನೆಂದಳು. ಇನ್ನೇನು ವಿಚಾರಿಸುವುದಿದೆ? 2019ರ ವಸಂತ.

15 ಆಗಸ್ಟ್

ಮೂರು ಗಂಟೆ. ಬಾಗಿಲು ಸರಿಯಿತು. ಚಹಾದ ವಾಸನೆಯೂ ಬಂದಿತು. ನಾನು ತಿರುಗಿ ನೋಡಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ, ತಾಯಿ, ತಪ್ಪಾಯಿತು ಎಂದೆ. ಅಲುಗಾಡಿದ ಸದ್ದಿಲ್ಲ. ಸೊಸೆ ಬಂದು, ಮಾವ, ಯಾರ ಜೊತೆ ಮಾತಾಡ್ತಿದ್ದೀರಿ ಎಂದು ಕೇಳಿದಳು.

17 ಆಗಸ್ಟ್, ಭಾನುವಾರ

ನಿನ್ನೆ ಕೃಷ್ಣಜಯಂತಿಯ ಪೂಜೆಯನ್ನು ಹೇಗೆ ಮಾಡಿದೆನೋ ತಿಳಿಯದು. ಇಂದು ಬೆಳಗ್ಗೆ ತಾಹೇರಾಳ ಕರೆ ಬಂದಿತು. ಅವಳ ಮೊದಲ ಮಾತು ಹೀಗಿತ್ತು:

"ಸಾರ್, ಕುಂತ್ಕೊಂಡು ಕೇಳಿ. ಆಯಮ್ಮ ಅವ್ರೆ. ಚೆನ್ನಾಗವ್ರೆ."

ಕುಳಿತೆ. ಮುದುಕನು ಹೇಳಿದ್ದು ನಿಜ. ನಾನು ತಿಳಿದುಕೊಂಡದ್ದು ಸುಳ್ಳು. ಮಿತ್ಸುಯೊ ಕೆಲಸ ಬಿಟ್ಟು ಅಣ್ಣನ ಸೇಬಿನ ತೋಟಕ್ಕೆ ಹೋಗಿದ್ದಾಳೆ. ಮೃತರ ಹಬ್ಬಕ್ಕೆ ಮಾತ್ರ ಈ ಊರಿಗೆ ಬರುತ್ತಾಳೆ. ಆ ದಿನ ಆಕೆ ಸ್ಮಶಾನದಲ್ಲಿ ಇದ್ದದ್ದು ಸಮಾಧಿಯ ಕಲ್ಲನ್ನು ತೊಳೆಯುವುದಕ್ಕೆ. ಮಾಡಲು ಬೇರೆ ಕೆಲಸವಿಲ್ಲದ ನಾಲ್ವರೂ ಶುಕ್ರವಾರ ಅಲ್ಲಿಗೇ ಹೋದರಂತೆ. ಕಲ್ಲಿನ ಮೇಲಿದ್ದ ಹೆಸರು ತಕುಮಿ. ಆಕೆಯ ಒಬ್ಬನೇ ಮಗ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ವಸತಿಗೃಹದ ಕೆಳಗಿನ ಘಟ್ಟದ ತಿರುವಿನಲ್ಲಿ ಬೈಕು ಬಿದ್ದು ಹೋದವನು. 2019ರ ಚೈತ್ರದಲ್ಲಿ, ನಾವು ಹೊರಟ ದಿನ, ಅವನ ನಲವತ್ತೊಂಬತ್ತನೆಯ ದಿನ. ಅವರಲ್ಲಿ ಅದು ದೊಡ್ಡ ತಿಥಿ. ರಜೆ ಸಿಗದೆ ಅವಳು ನಮಗೆ ಚಹಾ ತಂದಳು.

ಬೆರಳು ಮಡಿಸಿ ಅವರಿಬ್ಬರೂ ಎಣಿಸುತ್ತಿದ್ದದ್ದು ಆ ದಿನಗಳನ್ನು.

ತಾಹೇರಾಳ ದನಿ ಇಲ್ಲಿ ತಗ್ಗಿತು. "ಅಮ್ಮೋರು ತಪ್ಪು ಲಕೋಟೆ ತಂದಿರ್ಲಿಲ್ಲ ಸಾರ್. ಆಯಮ್ಮನ ಹತ್ರ ಮಗನ ಫೋಟೋ ಇಸ್ಕೊಂಡೋಗಿ ಅಂಗಡಿಯೋಳಿಗೆ ತೋರ್ಸಿ, ಕೇಳಿ ತಂದವ್ರೆ. ಆ ಅಂಗಡಿಯೋಳೇ ಆಮೇಲೆ ಆಯಮ್ಮಂಗೆ ಹೇಳಿದ್ಲಂತೆ. ಸಾವಿನ ಲಕೋಟೆಗೆ ಹೊಸ ನೋಟು ಇಡಬಾರ್ದಂತೆ ಇಲ್ಲಿ. ಸಾವು ಬರ್ಲಿ ಅಂತ ಕಾಯ್ಕೊಂಡು ಬ್ಯಾಂಕಿಂದ ತಂದಿಟ್ಟಂಗೆ ಆಯ್ತದಂತೆ. ಅದ್ಕೇ ಹಳೇವು."

ನಮ್ಮಲ್ಲಿ ಸಾವಿನ ಕರ್ಮ ನಡೆಯುವ ಮನೆಗೆ ಕೊಡುವಾಗ ಮೇಲೊಂದು ರೂಪಾಯಿ ಸೇರಿಸುವುದಿಲ್ಲ. ಎಪ್ಪತ್ತಾರು ವರ್ಷದವನಿಗೆ ಇದು ತಿಳಿಯದ ಸಂಗತಿಯಲ್ಲ. ನಾಣ್ಯವನ್ನು ಆಕೆ ತೆಗೆದದ್ದು ಅದಕ್ಕೆ. ನಾನು ಲೋಭವೆಂದು ಬಗೆದು ಮರಳಿ ಇಟ್ಟದ್ದು. ಅದನ್ನು ಕೈಪಿಡಿಯಲ್ಲಿಯೂ ಬರೆದದ್ದು.

ಆ ನಾಣ್ಯದ ವಿಚಾರವನ್ನು ಮಿತ್ಸುಯೊ ತಾನಾಗಿಯೇ ಎತ್ತಿದಳಂತೆ. ಅಷ್ಟು ಜನ ಕೊಟ್ಟ ಲಕೋಟೆಗಳಲ್ಲಿ ಒಂದು ಯೆನ್ ನಾಣ್ಯವಿದ್ದದ್ದು ಇದೊಂದರಲ್ಲಿಯೇ; ಅದೇಕೆಂದು ಇಷ್ಟು ವರ್ಷ ಯೋಚಿಸಿದ್ದಾಳೆ. ನೀನು ಏನು ಹೇಳಿದೆ ಎಂದು ಕೇಳಿದೆ. ನಮ್ಮ ಕಡೆ ಇಲ್ಲಿಗೇ ಮುಗಿಯದಿರಲಿ ಎಂದು ಒಂದು ಸೇರಿಸುತ್ತೇವೆ, ಅಜ್ಜ ಇಟ್ಟದ್ದು ಎಂದು ಹೇಳಿದೆನೆಂದಳು. ಸುಳ್ಳೇನೂ ಅಲ್ಲವಲ್ಲ ಸಾರ್ ಎಂದೂ ಕೇಳಿದಳು. ನನ್ನ ಪತ್ರವನ್ನು ಆಕೆಗೆ ಕೊಡಲಿಲ್ಲವಂತೆ. ಕ್ಷಮೆ ಕೇಳಬೇಕಾದದ್ದು ಅಲ್ಲಿ ಏನೂ ಇರಲಿಲ್ಲವೆಂದಳು.

ಆ ಮೇಲೆ ಮಿತ್ಸುಯೊ, "ಸಿಂಗಾರಮ್ಮ ಹೇಗಿದ್ದಾರೆ" ಎಂದು ಕೇಳಿದಳು. ಉಳಿದದ್ದು ಯಂತ್ರದ ಮಾತು; ನನ್ನ ಮನೆಯವಳ ಹೆಸರನ್ನು ಮಾತ್ರ ಅದರ ಸಹಾಯವಿಲ್ಲದೆ ತಾನೇ ಸ್ಪಷ್ಟವಾಗಿ ಉಚ್ಚರಿಸಿದಳು.

ತಾಹೇರಾ ಇದ್ದದ್ದನ್ನು ಹೇಳಿದಳು. ಆಕೆ ಕೈಯಲ್ಲಿದ್ದ ನೀರಿನ ಸೌಟನ್ನು ಕೆಳಗಿಟ್ಟು, ಹಾಗಾದರೆ ಅವರೂ ಬಂದಿರಬೇಕು, ಎಂದಳು. ನಿನ್ನೆ ಸಂಜೆ ಮೃತರನ್ನು ಕಳುಹಿಸಿಕೊಡುವ ಹೊತ್ತು. ಊರವರು ಹೊಳೆಯಲ್ಲಿ ಕಾಗದದ ದೀಪಗಳನ್ನು ತೇಲಿಬಿಡುತ್ತಾರೆ. ಆಕೆ ಎರಡು ಬಿಟ್ಟಳು: ಒಂದರ ಮೇಲೆ ತಕುಮಿ, ಇನ್ನೊಂದರ ಮೇಲೆ ಸಿಂಗಾರಮ್ಮ. ತಾಹೇರಾ ದಡದಲ್ಲಿ ಅಂಗೈ ತೆರೆದು ದುವಾ ಕೇಳಿಕೊಂಡಳು. ಲಿಂಗಯ್ಯ, ದೀಪ ಕಲ್ಲಿಗೆ ಸಿಕ್ಕಿಕೊಂಡಿತೆಂದು ಪಂಚೆ ಎತ್ತಿ ಹೊಳೆಗಿಳಿದು ಬಿಡಿಸಿ ಬಂದನು.

ಯಾರ ದೀಪ ಸಿಕ್ಕಿಕೊಂಡದ್ದು ಎಂದು ಕೇಳಿದೆ. ಗೊತ್ತಾಗಲಿಲ್ಲ, ಕತ್ತಲಾಗುತ್ತಿತ್ತು, ಎಂದಳು.

18 ಆಗಸ್ಟ್

ಚೈತನ್ಯ ಅಂಗಡಿಗೆ ಹೊರಡುವ ಮುನ್ನ ಅವನಿಗೆ ಎಲ್ಲವನ್ನೂ ಹೇಳಿದೆ. ಆಶ್ಚರ್ಯಪಡುವನೆಂದುಕೊಂಡಿದ್ದೆ. ಅವನು ಬೈಕಿನ ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ನೆಲ ನೋಡಿದನು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎನ್ನುವುದು ವಾಡಿಕೆ.

"ನನಗೆ ಗೊತ್ತಿತ್ತು ಅಣ್ಣಾ. ಅಮ್ಮ ಅಲ್ಲಿಂದಲೇ ಫೋನ್ ಮಾಡಿ ಹೇಳಿದ್ರು. ಪಾಪ, ಆಕೆ ಮಗ ಹೋಗಿ ನಲವತ್ತೊಂಬತ್ತು ದಿನ ಅಂತೆ ಅಂದ್ರು. ಅಣ್ಣನಿಗೆ ಹೇಳಿದ್ರಾ ಅಂತ ಕೇಳ್ದೆ."

ಏನೆಂದಳು?

"ಹೇಳ್ದೆ ಕಣೋ, ಬಿಲ್ಲಲ್ಲಿ ಸೇರಿದೆ ಅಂದ್ರು ನಿಮ್ಮಣ್ಣ, ಅಂದ್ರು ಅಮ್ಮ."

ಅವನು ಹೋದ ಮೇಲೆ ಜಗಲಿಯಲ್ಲಿ ಕುಳಿತೆ. ಸಿಂಗಾರಮ್ಮ ಹೇಳಿದ ಆ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದೆ. ಆಕೆ ಬಾಗಿಲ ಬಳಿ ನಿಂತಿದ್ದಳೇ, ಪಕ್ಕದಲ್ಲಿ ಕುಳಿತಿದ್ದಳೇ? ನಾನು ಬರೆಯುತ್ತಿದ್ದ ವಾಕ್ಯ ಇಂದಿಗೂ ನೆನಪಿದೆ. ಆ ಊರಿನ ಲೇತಿನ ಚಕ್ರ ಎಡಕ್ಕೆ ತಿರುಗುವುದೆಂಬ ವಿಚಾರ. ಆಕೆಯ ಮಾತು ಮಾತ್ರ ಇಲ್ಲ.

ಮೂರು ಗಂಟೆಗೆ ನಡುಮನೆಯ ಕಡೆಗೆ ಮುಖ ಮಾಡಿಯೇ ಕುಳಿತಿದ್ದೆ. ಬಾಗಿಲು ಸರಿಯಲಿಲ್ಲ.

3 ಸೆಪ್ಟೆಂಬರ್, ಬುಧವಾರ

ಗಣಪತಿ ಹಬ್ಬದ ಮರುದಿನವೇ ಎಲ್ಲರೂ ಕ್ಷೇಮವಾಗಿ ಬಂದಿಳಿದಿದ್ದಾರೆ. ತಾಹೇರಾಳ ಗೊಂಬೆಗಳಿಗೆ ಬೇಡಿಕೆ ಬಂದಿದೆ. ಲಿಂಗಯ್ಯ ಇಂದು ಬಂದು, ಮುಂದಿನ ಸಲದ ದಿನವನ್ನು ನೋಡಿಕೊಡಿರೆಂದನು. ಅಲ್ಲಿಯವರನ್ನು ಕೇಳಿ ಗೊತ್ತುಮಾಡಿಕೊಳ್ಳಿ ಎಂದೆ.

"ಅಲ್ಲ ಮೇಷ್ಟ್ರೇ, ನೀವು ಆ ದಿನ ನೋಡ್ದೇ ಇದ್ದಿದ್ರೆ ಆಯಮ್ಮ ನಮ್ಗೆಲ್ಲಿ ಸಿಗ್ತಿತ್ತು? ಹದಿನೇಳಕ್ಕೆಲ್ಲ ಸೇಬಿನ ತೋಟಕ್ಕೆ ಹೊಂಟೋಯ್ತದೆ." ಅವನು ಗೆದ್ದವನಂತೆ ನಕ್ಕು, ಕಾಫಿ ಕುಡಿದು ಹೋದನು.

ಕೈಪಿಡಿಯನ್ನು ತಿದ್ದುತ್ತಿದ್ದೇನೆ. ರಜಾ ಪ್ರಕರಣಕ್ಕೆ ಆ ನಾಲ್ಕು ದಿನಗಳನ್ನು ಸೇರಿಸಿದೆ. ದಾನ, ಕಾಣಿಕೆ, ಭಕ್ಷೀಸುಗಳ ಲಕ್ಷಣವನ್ನು ಹೇಳುವ ಎರಡು ಪುಟಗಳು ಈಗ ಓದಿದರೆ ಬೇರೆ ಯಾರೋ ಬರೆದಂತಿವೆ, ತೆಗೆದುಹಾಕಿದೆ. ಆ ಜಾಗದಲ್ಲಿ ಇಷ್ಟೇ ಇದೆ: ಸೇವಾಶುಲ್ಕವು ಬಿಲ್ಲಿನಲ್ಲಿ ಸೇರಿದ್ದರೆ ಬೇರೆ ಹಣ ಕೊಡಬೇಕಾಗಿಲ್ಲ, ನಿಮ್ಮನ್ನು ಉಪಚರಿಸುವವರ ಹೆಸರೇನು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ, ನಿಮ್ಮ ಜೊತೆಯಲ್ಲಿ ಬಂದವರು ಅವರ ವಿಷಯವಾಗಿ ಏನಾದರೂ ಹೇಳಿದರೆ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳಿ. ಕೊನೆಯ ವಾಕ್ಯ ಪ್ರವಾಸಿಗಳಿಗೆ ಅಸಂಬದ್ಧವಾಗಿ ತೋರಬಹುದೆಂದು ತಾಹೇರಾ ಹೇಳಿದಳು. ಇರಲಿ ಎಂದೆ.

ಮಧ್ಯಾಹ್ನದ ನಿದ್ದೆಯನ್ನು ಬಿಟ್ಟಿದ್ದೇನೆ. ಎರಡೂ ಮುಕ್ಕಾಲಿಗೆ ನಡುಮನೆಗೆ ಬಂದು ಕುಳಿತುಕೊಳ್ಳುತ್ತೇನೆ. ಸೊಸೆ ಎರಡು ಸಲ ಫ್ಯಾನ್ ಹಾಕಿ ಹೋದಳು. ಸದ್ದು ಕೇಳಿಸದೆಂದು ಎರಡು ಸಲವೂ ಆರಿಸಿದೆ. ಯಾರೂ ಬರುತ್ತಿಲ್ಲ.

21 ಸೆಪ್ಟೆಂಬರ್, ಭಾನುವಾರ, ಭಾದ್ರಪದ ಬಹುಳ ಅಮಾವಾಸ್ಯೆ, ಮಹಾಲಯ

ಕಣ್ವಾ ಹೊಳೆಯ ದಂಡೆಗೆ ಬೆಳಗ್ಗೆಯೇ ಹೋದೆವು. ಚೈತನ್ಯ ದರ್ಭೆಯನ್ನೂ ಎಳ್ಳನ್ನೂ ಹಿಡಿದು ಜೊತೆಗೆ ಬಂದನು. ಪಿತೃಗಳ ತರ್ಪಣವಾದ ಮೇಲೆ ಕಾರುಣ್ಯ ಪಿತೃಗಳ ಸರದಿ: ಹೆಂಡತಿ, ಒಡಹುಟ್ಟಿದವರು, ಗುರು, ಮಿತ್ರ, ಹೀಗೆ ಕರುಣೆಯಿಂದ ನೆನೆಯತಕ್ಕವರು. ಪ್ರತಿವರ್ಷ ಆ ಹೆಸರು ನಾಲಿಗೆಯ ಮೇಲೆ ಮಂತ್ರದ ಜೊತೆಗೆ ಹರಿದುಹೋಗುತ್ತಿತ್ತು. ಇಂದು ಸಿಂಗಾರಮ್ಮ ಎಂದ ಮೇಲೆ ಮುಂದಿನ ಶಬ್ದಕ್ಕೆ ತಡವಾಯಿತು. ಪುರೋಹಿತರು ಮರೆತೆನೆಂದು ತಿಳಿದು ಎತ್ತಿಕೊಟ್ಟರು.

ಇನ್ನೊಂದು ಹೆಸರಿದೆ, ತಕುಮಿ, ಎಂದೆ.

ಅವರು ಯುವಕರು, ನನ್ನನ್ನು ಬಲ್ಲವರು. ಎರಡು ಸಲ ಹೆಸರನ್ನು ಕೇಳಿಸಿಕೊಂಡು, ಗೋತ್ರ ಯಾವುದೆಂದರು. ತಿಳಿಯದು ಎಂದೆ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವನ್ನು ಹೇಳುವ ಮಾರ್ಗವಿದೆಯೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಅದನ್ನು ಒಪ್ಪಿದರು. ಆದರೆ ಸಂಬಂಧವನ್ನು ಹೇಳದೆ ನೀರು ಬಿಡುವ ಹಾಗಿಲ್ಲ.

"ಅವರು ತಮಗೆ ಏನಾಗಬೇಕು, ಸ್ವಾಮಿ?"

ಎಳ್ಳು ಅಂಗೈಯಲ್ಲಿ ಒದ್ದೆಯಾಗಿ ಅಂಟಿಕೊಂಡಿತ್ತು. ಶಿಷ್ಯನಲ್ಲ, ಮಿತ್ರನಲ್ಲ, ಬಂಧುವಲ್ಲ. ಅವನ ಮುಖವನ್ನು ನಾನು ಕಂಡಿಲ್ಲ. ಅವನ ಫೋಟೋವನ್ನು ನನ್ನ ಕೋಣೆಯಲ್ಲಿಯೇ, ನನ್ನ ಬೆನ್ನಿನ ಹಿಂದೆ, ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ತೋರಿಸಿದ್ದಳು.

"ನನ್ನ ಹೆಂಡತಿಗೆ ಬೇಕಾದವನು," ಎಂದೆ.

ಪುರೋಹಿತರು ಚೈತನ್ಯನ ಮುಖ ನೋಡಿದರು. ಅವನು ತಲೆಯಾಡಿಸಿದನು. ಮಂತ್ರದಲ್ಲಿ ಅಂಥ ಸಂಬಂಧಕ್ಕೆ ಶಬ್ದವಿರಲಿಲ್ಲ. ಅವರು ಪುತ್ರಸ್ಥಾನದಲ್ಲಿ ಹೇಳಿಸಿದರು. ಮೂರು ಸಲ ನೀರು ಬಿಟ್ಟೆ. ಹೊಳೆ ಈ ವರ್ಷ ತುಂಬಿದೆ. ಎಳ್ಳು ತಕ್ಷಣ ಸರಿದುಹೋಯಿತು.

ತಕುಮಿಗೆ ಸದ್ಗತಿಯಾಗಲಿ. ಅವನನ್ನು ಹೆತ್ತು ವರ್ಷಕ್ಕೊಮ್ಮೆ ಕಲ್ಲು ತೊಳೆಯುವ ಮಿತ್ಸುಯೊಗೆ ಮನಶ್ಶಾಂತಿಯೂ ಅವಳ ಅಣ್ಣನ ತೋಟಕ್ಕೆ ಒಳ್ಳೆಯ ಫಲವೂ ಒದಗಲಿ. ನನ್ನ ಪತ್ರವನ್ನು ಕೊಡದೆ ನನ್ನ ಮಾನ ಉಳಿಸಿದ ತಾಹೇರಾಳ ಮನೆ ಬೆಳಗಲಿ. ಹೊಳೆಗಿಳಿದ ಲಿಂಗಯ್ಯನ ಕಾಲುಗಳಿಗೆ ಬಲವಿರಲಿ. ಚೈತನ್ಯನೂ ಸೊಸೆಯೂ ಒಬ್ಬರ ಮಾತನ್ನು ಒಬ್ಬರು ಕೇಳುತ್ತ ಬಾಳಲಿ. ಹೆಸರು ತಿಳಿಯದ ಆ ಅಂಗಡಿಯವಳಿಗೂ, ಪಕ್ಕದ ಮನೆಯ ಮುದುಕನಿಗೂ, ಅನ್ಯರ ಊರಿನಲ್ಲಿ ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲುವ ಎಲ್ಲರಿಗೂ, ಆ ಬಾಗಿಲುಗಳ ಒಳಗೆ ತಮ್ಮವರಿಗಾಗಿ ಕಾದಿರುವ ಎಲ್ಲರಿಗೂ ಒಳ್ಳೆಯದಾಗಲಿ. ಸಿಂಗಾರಮ್ಮ ಎಲ್ಲಿದ್ದರೂ ಆಕೆಯ ಮಾತನ್ನು ಕೇಳುವವರು ಬಳಿಯಲ್ಲಿರಲಿ.

ಸರ್ವರಿಗೂ ಮಂಗಳವಾಗಲಿ.